ಅವಳೇನು ಕೇಳಿದಳು?

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಹತ್ತನೇ ಕ್ಲಾಸಿನ ಇಂಗ್ಲಿಷ್ ವ್ಯಾಕರಣದ ರಿಪೋರ್ಟೆಡ್ ಸ್ಪೀಚ್, ಅಂದರೆ ಒಬ್ಬರು ಆಡಿದ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಪಾಠ ಅಂದರೆ ಗೈಡಿನ ಪಟ್ಟಿ ಉರು ಹೊಡೆಯುವುದು, ಅಲ್ವಾ? ನೌ ಇದ್ದರೆ ದೆನ್, ಟುಡೇ ಇದ್ದರೆ ದಟ್ ಡೇ, ಹಿಯರ್ ಇದ್ದರೆ ದೇರ್. ಮಾಮೂಲಿ ವಾಕ್ಯಗಳನ್ನು ಹೇಗೋ ದಾಟಿಸುತ್ತಿದ್ದೆವು. ಪ್ರಶ್ನೆ ಬಂದರೆ ಮಾತ್ರ ಇಡೀ ಕ್ಲಾಸು ಎಡವುತ್ತಿತ್ತು.

ನಮ್ಮ ಇಂಗ್ಲಿಷ್ ಮೇಷ್ಟ್ರು ಪಟ್ಟಿ ಬರೆಸಲಿಲ್ಲ. ಒಬ್ಬನನ್ನು ಜಗಲಿಗೆ ಕಳಿಸಿದರು. ಒಳಗೆ ಒಬ್ಬಳು ಇನ್ನೊಬ್ಬನಿಗೆ 'ವೇರ್ ಡು ಯು ಲಿವ್?' ಅಂತ ಕೇಳಬೇಕು. ಆಮೇಲೆ ಜಗಲಿಯವನು ಬಂದು ಅವಳೇನು ಕೇಳಿದಳು ಅಂತ ವಿಚಾರಿಸಬೇಕು. ಉತ್ತರ ಬಂದದ್ದು 'ಶಿ ಆಸ್ಕ್ಡ್ ಮಿ ವೇರ್ ಡು ಯು ಲಿವ್'. ಮೇಷ್ಟ್ರು ಮೊದಲೇ ಕಿವಿಯಲ್ಲಿ ಹೇಳಿಕೊಟ್ಟಿದ್ದರೋ ಏನೋ, ಜಗಲಿಯವನು ತಕ್ಷಣ ತನ್ನ ಊರಿನ ಹೆಸರು ಹೇಳಿಬಿಟ್ಟ! ಎಲ್ಲರೂ ನಕ್ಕೆವು. ಕನ್ನಡದಲ್ಲಿ 'ಅಂತ' ಒಂದು ಸೇರಿಸಿದರೆ ಸಾಕು, ಪ್ರಶ್ನೆ ಹಾಗೇ ಇರಬಹುದು. ಇಂಗ್ಲಿಷಿನಲ್ಲಿ ಪದಗಳ ಸಾಲೇ ಬದಲಾಗಬೇಕು, ಇಲ್ಲದಿದ್ದರೆ ಕೇಳಿಸಿಕೊಂಡವನು ತನ್ನನ್ನೇ ಕೇಳುತ್ತಿದ್ದಾರೆ ಅಂದುಕೊಳ್ಳುತ್ತಾನೆ. ಸರಿಯಾದದ್ದು 'ವೇರ್ ಐ ಲಿವ್ಡ್', ಕೊನೆಗೆ ಪ್ರಶ್ನೆ ಚಿಹ್ನೆಯೂ ಇಲ್ಲ.

'ಡು, ಡಸ್, ಡಿಡ್ ಎಲ್ಲ ಮದುವೆಗೆ ಬಾಡಿಗೆಗೆ ತಂದ ಪಾತ್ರೆ ಕಣ್ರೋ, ಕೆಲಸ ಮುಗೀತಲ್ಲ, ವಾಪಸ್ ಕೊಡಿ' ಅನ್ನುತ್ತಿದ್ದರು. ಈಸ್, ಆರ್, ಕ್ಯಾನ್ ಮಾತ್ರ ಮನೆಯವು. ಅವು ಹೋಗುವುದಿಲ್ಲ, ಕರ್ತೃವಿನ ನಂತರ ಹೋಗಿ ಕೂರುತ್ತವೆ. ಹೌದು-ಇಲ್ಲ ಉತ್ತರ ಬರುವ ಪ್ರಶ್ನೆಗೆ ಇಫ್ ಅಥವಾ ವೆದರ್. 'ಕ್ಯಾನ್ ಯು ಸ್ವಿಮ್?' ಅಂತ ಕೇಳಿದರೆ 'ಇಫ್ ಐ ಕುಡ್ ಸ್ವಿಮ್'. ಅಷ್ಟೇ.

ಗೈಡಿಗಿಂತ ಅವರು ಜಾಸ್ತಿ ಹೇಳಿದ್ದು ಟುಡೇ ಬಗ್ಗೆ. ಬೆಳಿಗ್ಗೆ ಗೆಳೆಯ 'ಆರ್ ಯು ಪ್ಲೇಯಿಂಗ್ ಟುಡೇ?' ಅಂದ, ಅದನ್ನು ಅವತ್ತೇ ಮಧ್ಯಾಹ್ನ ಇನ್ನೊಬ್ಬರಿಗೆ ಹೇಳುವಾಗ ದಟ್ ಡೇ ಯಾಕೆ ಬೇಕು? ಟುಡೇ ಅಂದರೂ ಸರಿಯೇ. 'ಆದ್ರೆ ಪರೀಕ್ಷೆಯಲ್ಲಿ ಸುಮ್ನೆ ದಟ್ ಡೇ ಅಂತ ಬರೀರಿ, ಪೇಪರ್ ತಿದ್ದೋರಿಗೆ ನಾನು ಹೋಗಿ ಹೇಳೋಕಾಗಲ್ಲ' ಅಂತಲೂ ಸೇರಿಸಿದರು.

ಈಗ ನನ್ನ ಕೆಲಸ ಒಂದು ಹೆಲ್ಪ್‌ಡೆಸ್ಕಿನಲ್ಲಿ. ಫೋನ್ ಮಾಡಿದವರು ಏನು ಕೇಳಿದರು ಅಂತ ಇಂಗ್ಲಿಷಿನಲ್ಲಿ ಬರೆಯುವುದೇ ದಿನವಿಡೀ. 'ದ ಕಸ್ಟಮರ್ ಆಸ್ಕ್ಡ್ ವೆನ್ ದ ರೀಫಂಡ್ ವುಡ್ ಕಮ್' ಅಂತ ನಾನು ಬರೆದರೆ, ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಪಕ್ಕದ ಸೀಟಿನವನು 'ವೆನ್ ವಿಲ್ ದ ರೀಫಂಡ್ ಕಮ್' ಅಂತ ಬರೆದಿರುತ್ತಾನೆ. ಮೇಲಿನವರಿಗೆ ಹೋಗುವ ಮೊದಲು ಅವನದನ್ನೂ ನಾನೇ ತಿದ್ದುತ್ತೇನೆ.