ಏಳರ ಮೇಲೆ ನಿಂತ ಬಾಂಬು

ದುರ್ಗದ ಬೈಲಿನಿಂದ ನಾಲ್ಕು ಹೆಜ್ಜೆ ಒಳಗೆ ಬಂದರೆ ನನ್ನ ವಾಚ್ ರಿಪೇರಿ ಅಂಗಡಿ. ಇಬ್ಬರು ಕೂತರೆ ಮೂರನೆಯವರು ನಿಲ್ಲಬೇಕು, ಅಷ್ಟೇ ಜಾಗ. ಆದರೂ ಶನಿವಾರ ಸಂಜೆ ನಾವು ನಾಲ್ಕು ಜನ ಅಲ್ಲೇ ಸೇರುತ್ತೇವೆ. ನಾನು, ರೈಲ್ವೆಯಿಂದ ರಿಟೈರ್ ಆದ ಕಾಕಾ, ಪಕ್ಕದ ಮೊಬೈಲ್ ಅಂಗಡಿಯ ಹುಡುಗ, ಧಾರವಾಡದಿಂದ ಚಿಗರಿ ಬಸ್ಸು ಹತ್ತಿ ಬರುವ ಮಾಸ್ತರು. ಗಿರ್ಮಿಟ್ ಪೊಟ್ಟಣ ಬಿಚ್ಚುವಷ್ಟರಲ್ಲಿ ಜಗಳ ಶುರುವಾಗಿರುತ್ತದೆ. ಜಗಳ ಯಾವಾಗಲೂ ಒಂದೇ. ಗೂಢಚಾರರ ಸಿನಿಮಾದಲ್ಲಿ ಯಾವುದು ಎಲ್ಲಕ್ಕಿಂತ ಮೇಲು?

ಕಾಕಾಗೆ ಇಂಗ್ಲಿಷಿನ ಜೇಮ್ಸ್ ಬಾಂಡ್ ಬೇಕಾಗಿಲ್ಲ. ಅವರಿಗೆ ರಾಜಕುಮಾರ್ ಅವರ ಸಿಐಡಿ 999 ಸಾಕು. ದೊರೈ-ಭಗವಾನ್ ಮಾಡಿದ ನಾಲ್ಕು ಸಿನಿಮಾಗಳು. 1968ರಲ್ಲೇ ಎರಡು, ಜೇಡರ ಬಲೆ ಮತ್ತು ಗೋವಾದಲ್ಲಿ ಸಿಐಡಿ 999. ಮರುವರ್ಷ ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999. ಮುಂದೆ ಹಿಂದಿಯಲ್ಲಿ ದೊಡ್ಡ ಹೆಸರು ಮಾಡಿದ ರೇಖಾ ನಾಯಕಿಯಾಗಿ ಮೊದಲು ಬಂದದ್ದು ಅದರಲ್ಲೇ. ಆಮೇಲೆ ಒಂಬತ್ತು ವರ್ಷ ಬಿಟ್ಟು 1978ಕ್ಕೆ ಆಪರೇಷನ್ ಡೈಮಂಡ್ ರಾಕೆಟ್. ಕಾಕಾ ಆಗ ನೌಕರಿಗೆ ಹೊಸದಾಗಿ ಸೇರಿದ್ದರಂತೆ. ಮೊದಲ ಪಗಾರದಲ್ಲಿ ಅದನ್ನು ಮೂರು ಸಲ ನೋಡಿದ್ದರಂತೆ.

ಮಾಸ್ತರು ಮಾತ್ರ ಜೇಡರ ಬಲೆಯ ಪಕ್ಷ. "ಕಪ್ಪು-ಬಿಳುಪಿನ್ಯಾಗ, ಕಡಿಮಿ ರೊಕ್ಕದಾಗ, ಕನ್ನಡದಾಗ ಯಾರೂ ಮಾಡಲಾರದ್ದನ್ನ ಮೊದಲ ಮಾಡ್ಯಾರ. ಅದಕ್ಕ ಮಾರ್ಕ್ಸ್ ಕೊಡಬೇಕಿಲ್ಲೋ?" ಅಂತಾರೆ.

"ಮೊದಲ ಬಂದವರಿಗೇ ಮಾರ್ಕ್ಸ್ ಅಂದ್ರ ಇಂಪ್ರೂವ್ ಆಗೂದು ಯಾವಾಗ್ರಿ ಮಾಸ್ತರ?" ಅಂತ ಕಾಕಾ ಕೇಳುತ್ತಾರೆ. ಕೇಳಿ, ಡೈಮಂಡ್ ರಾಕೆಟ್‌ನ ಇಂಗ್ಲಿಷ್ ಹಾಡು ಹಿಡಿಯುತ್ತಾರೆ. ಇಫ್ ಯೂ ಕಮ್ ಟುಡೇ. ಜಿ.ಕೆ. ವೆಂಕಟೇಶ್ ಸಂಗೀತ, ರಾಜಕುಮಾರ್ ಅವರದೇ ಕಂಠ. ಅದರಲ್ಲಿ ಟಿಕ್ ಟಿಕ್ ಟಿಕ್ ಅಂತ ಬರುತ್ತದಲ್ಲ, ಆಗ ಕಾಕಾ ನನ್ನ ಗೋಡೆಯ ಮೇಲಿನ ಗಡಿಯಾರಗಳ ಕಡೆ ಕೈ ಮಾಡುತ್ತಾರೆ. ಹದಿನಾಲ್ಕು ಗಡಿಯಾರ ಇವೆ ಅಲ್ಲಿ. ಆ ಹಾಡಿಗೆ ಅದಕ್ಕಿಂತ ಒಳ್ಳೆಯ ಜಾಗ ಹುಬ್ಬಳ್ಳಿಯಲ್ಲಿ ಇರಲಿಕ್ಕಿಲ್ಲ.

ಹುಡುಗನದು ಬೇರೆಯೇ ಲೋಕ. ಅವನಿಗೆ 2006ರ ಬಾಂಡ್ ಸಿನಿಮಾ ಕ್ಯಾಸಿನೊ ರಾಯಲ್ ಅಂದರೆ ಪ್ರಾಣ. "ಅಣ್ಣಾ, ಡೇನಿಯಲ್ ಕ್ರೇಗ್‌ಗ ಹೊಡೆದ್ರ ನೋವಾಗ್ತೈತಿ. ಉಳದವರು ಎಷ್ಟ ಬಡಿದಾಡಿದ್ರೂ ಕೋಟಿನ ಇಸ್ತ್ರಿ ಕೆಡಂಗಿಲ್ಲ." ಇದು ಸುಮ್ನೆ ತೆಗೆದುಹಾಕುವ ಮಾತಲ್ಲ. ನನಗೂ ಆ ಸಿನಿಮಾ ಇಷ್ಟ. ರೈಲಿನಲ್ಲಿ ನಾಯಕಿ ವೆಸ್ಪರ್ ಬಾಂಡ್‌ನ ಕೈ ನೋಡಿ ರೋಲೆಕ್ಸಾ ಅಂತ ಕೇಳುತ್ತಾಳೆ. ಅವನು ಒಮೆಗಾ ಅನ್ನುತ್ತಾನೆ. ಅದು ಕಂಪನಿಯ ಜಾಹೀರಾತು ಅಂತ ಗೊತ್ತು. ಆದರೂ ಒಬ್ಬ ಮನುಷ್ಯನ ಮಣಿಕಟ್ಟು ನೋಡಿ ಅವನು ಯಾರು ಅಂತ ಲೆಕ್ಕ ಹಾಕುವುದು ನಾನು ದಿನಾ ಮಾಡುವ ಕೆಲಸ. ಅಂಥ ಪ್ರಶ್ನೆ ಕೇಳುವ ಹೆಂಗಸನ್ನು ನನಗೆ ಮರೆಯಲಾಗುವುದಿಲ್ಲ.

ನಾನು ಈ ಸಿನಿಮಾಗಳನ್ನು ಕೈಗಡಿಯಾರದಿಂದಲೇ ನೋಡುತ್ತೇನೆ. ನನಗೆ ಬೇರೆ ದಾರಿ ಗೊತ್ತಿಲ್ಲ. 1964ರ ಗೋಲ್ಡ್‌ಫಿಂಗರ್ ತೆಗೆದುಕೊಳ್ಳಿ. ಶುರುವಿನಲ್ಲೇ ಬಾಂಡ್ ಆದ ಶಾನ್ ಕಾನರಿ ಲೈಟರ್ ಹಚ್ಚಿ, ಆ ಬೆಳಕಿನಲ್ಲಿ ವಾಚ್ ನೋಡುತ್ತಾನೆ. ತಾನು ಇಟ್ಟ ಬಾಂಬು ಇನ್ನೇನು ಸಿಡಿಯಬೇಕು. ಜನ ಅವನ ಮುಖ ನೋಡುತ್ತಾರೆ, ನಾನು ಬೆಲ್ಟು ನೋಡುತ್ತೇನೆ. ಆ ಬೆಲ್ಟು ಆ ವಾಚಿನ ಅಳತೆಯದ್ದಲ್ಲ. ಎರಡೂ ಕಡೆ ಸಂದಿ ಬಿಟ್ಟಿದೆ, ಒಳಗಿನ ಪಿನ್ನು ಕಾಣುತ್ತದೆ. ಬೆಳ್ಳಗಿನ ಕೋಟು, ಕೆಂಪು ಹೂವು, ಎಲ್ಲ ಸರಿ. ಬೆಲ್ಟು ಮಾತ್ರ ಸಣ್ಣದು. ನನ್ನ ಅಂಗಡಿಗೆ ಬಂದಿದ್ದರೆ ಹಾಗೆ ಕಳಿಸುತ್ತಿರಲಿಲ್ಲ.

ಅದೇ ಸಿನಿಮಾದ ಕೊನೆಯಲ್ಲಿ ಇನ್ನೊಂದು ಇದೆ. ಬಾಂಬಿನ ಮೇಲೆ ಅಂಕಿ ಇಳಿಯುತ್ತಾ ಇಳಿಯುತ್ತಾ 007ಕ್ಕೆ, ಅಂದರೆ ಬಾಂಡ್‌ನದೇ ನಂಬರಿಗೆ, ಬಂದು ನಿಲ್ಲುತ್ತದೆ. ಚಪ್ಪಾಳೆ ಹೊಡೆಯುವ ಜಾಗ ಅದು. ಆದರೆ ಮರುಕ್ಷಣವೇ ಬಾಂಡ್, ಇನ್ನು ಮೂರು ಟಿಕ್ ಆಗಿದ್ದರೆ ವೈರಿ ಗೋಲ್ಡ್‌ಫಿಂಗರ್‌ಗೆ ಜಾಕ್‌ಪಾಟ್ ಹೊಡೆಯುತ್ತಿತ್ತು ಅಂತಾನೆ. ಕಣ್ಣೆದುರು ಏಳು ಇದೆ, ಬಾಯಲ್ಲಿ ಮೂರು! ಮೊದಲು ಮೂರಕ್ಕೇ ನಿಲ್ಲಿಸಬೇಕು ಅಂತಿತ್ತು, ಆಮೇಲೆ ಅಂಕಿ ಬದಲಾಯಿತು, ಮಾತು ಹಾಗೇ ಉಳಿಯಿತು. ಮಾಸ್ತರು ಇದನ್ನು ಸಣ್ಣ ತಪ್ಪು ಅಂತಾರೆ. ನನಗೆ ಸಣ್ಣದಲ್ಲ. ಇಡೀ ಸಿನಿಮಾ ಸಮಯದ ಜೊತೆ ಓಡುತ್ತದೆ ಅಂದಮೇಲೆ ನಾಲ್ಕು ಸೆಕೆಂಡು ಹೇಗೆ ತಪ್ಪುತ್ತದೆ?

ನನ್ನ ಓಟು 1969ರ ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್‌ಗೆ. ಈ ಹೆಸರು ತೆಗೆದರೆ ಸಾಕು, ಮೂವರೂ ಒಟ್ಟಾಗುತ್ತಿದ್ದರು. ಹೀರೋ ಜಾರ್ಜ್ ಲೇಜನ್‌ಬಿ, ಆಸ್ಟ್ರೇಲಿಯಾದ ಮಾಡೆಲ್. ಮೊದಲು ದೊಡ್ಡ ಪಾರ್ಟು ಮಾಡಿದವನಲ್ಲ. ಬಾಂಡ್ ಆಗಿ ಒಂದೇ ಒಂದು ಸಿನಿಮಾ ಮಾಡಿ ಬಿಟ್ಟ. "ಅವನ್ಯಾವ ಹೀರೋ? ಪ್ಯಾಸೆಂಜರ್ ಗಾಡಿ ಇದ್ದಂಗ ಬಂದ, ಒಂದ ಸ್ಟೇಷನ್ನಿಗೆ ಇಳದ," ಅಂತ ಕಾಕಾ.

ನಾನು ಅವರಿಗೆ ವಕೀಲರ ಆಫೀಸಿನ ದೃಶ್ಯ ಹೇಳುತ್ತಿದ್ದೆ. ಸ್ವಿಟ್ಜರ್ಲೆಂಡಿನ ಬರ್ನ್ ಊರು. ವಕೀಲ ಊಟಕ್ಕೆ ಹೋಗುತ್ತಾನೆ. ಅವನು ತಿರುಗಿ ಬರುವಷ್ಟರಲ್ಲಿ ಬಾಂಡ್ ತಿಜೋರಿ ತೆಗೆಯಬೇಕು. ಪಕ್ಕದಲ್ಲಿ ಕಟ್ಟಡದ ಕೆಲಸ ನಡೆದಿದೆ. ಅಲ್ಲಿಯ ಕ್ರೇನಿನ ಬಕೆಟ್ಟಿನಲ್ಲಿ ಮಷೀನು ತೇಲಿಕೊಂಡು ಬರುತ್ತದೆ. ಅದನ್ನು ತಿಜೋರಿಗೆ ಹಚ್ಚಿ ಅವನು ಸುಮ್ನೆ ಕುರ್ಚಿಯಲ್ಲಿ ಕೂತು ಪತ್ರಿಕೆ ತಿರುವುತ್ತಾನೆ. ಗುಂಡಿಲ್ಲ, ಓಟವಿಲ್ಲ, ಮಾತೂ ಇಲ್ಲ. ಮಷೀನು ಒಂದೊಂದೇ ಅಂಕಿ ಹುಡುಕುತ್ತದೆ, ಹೊತ್ತು ಜಾರುತ್ತದೆ. ನಾನು ಚಿಮಟದಲ್ಲಿ ಕೂದಲಿನಂಥ ಸ್ಪ್ರಿಂಗು ಹಿಡಿದು ಕೂಡಿಸುವಾಗ ಉಸಿರು ಬಿಗಿಹಿಡಿಯುತ್ತೇನಲ್ಲ, ಆ ದೃಶ್ಯದಲ್ಲೂ ಹಾಗೇ ಆಗುತ್ತದೆ. ನಿರ್ದೇಶಕ ಪೀಟರ್ ಹಂಟ್ ಅದಕ್ಕೂ ಮೊದಲಿನ ಐದು ಬಾಂಡ್ ಸಿನಿಮಾಗಳಿಗೆ ಎಡಿಟರ್ ಆಗಿದ್ದವನು. ಎಲ್ಲಿ ಬೇಗ ಕತ್ತರಿಸಬೇಕು, ಎಲ್ಲಿ ಕತ್ತರಿಸಬಾರದು ಅಂತ ಅವನಿಗೆ ಗೊತ್ತಿತ್ತು.

ಮೊದಲು ನನ್ನ ಕಡೆ ಬಂದದ್ದು ಹುಡುಗ. 2021ರಲ್ಲಿ ನೋ ಟೈಮ್ ಟು ಡೈ ನೋಡಿ ಬಂದವನು, "ಕೊನೀಗೆ ಒಂದು ಹಳೇ ಹಾಡು ಬಂತಣ್ಣಾ, ಯಾವುದದು?" ಅಂತ ಕೇಳಿದ. ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ್ದು, ನನ್ನ ಸಿನಿಮಾದ್ದು ಅಂದೆ. ನಮ್ಮ ಮುಂದೆ ಬೇಕಾದಷ್ಟು ಹೊತ್ತು ಇದೆ ಅಂತ ಆ ಹಾಡಿನ ಅರ್ಥ. ಅವತ್ತು ರಾತ್ರಿಯೇ ಹಳೆಯದನ್ನು ಹುಡುಕಿ ನೋಡಿದ. ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಬಂದು ನಿಂತಿದ್ದ.

ಕಾಕಾರನ್ನು ಒಪ್ಪಿಸಲು ಹೋದ ತಿಂಗಳವರೆಗೆ ಆಗಿರಲಿಲ್ಲ. ಒಂದು ಭಾನುವಾರ ಶಟರ್ ಅರ್ಧ ಇಳಿಸಿ, ಹುಡುಗನ ಲ್ಯಾಪ್‌ಟಾಪನ್ನು ಕೌಂಟರ್ ಮೇಲೆ ಇಟ್ಟೆವು. 142 ನಿಮಿಷದ ಸಿನಿಮಾ. ಮೊದಲರ್ಧದಲ್ಲಿ ಕಾಕಾ ಎರಡು ಸಲ ಚಹಾ ತರಿಸಿದರು. ಮಂಜಿನ ಮೇಲೆ ಸ್ಕೀ ಹಾಕಿಕೊಂಡು ಓಡುವಾಗ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಕೊನೆಗೆ ಬಾಂಡ್ ಮತ್ತು ಟ್ರೇಸಿಯ ಮದುವೆ. ಹೂವಿನಿಂದ ಶೃಂಗಾರ ಮಾಡಿದ ಕಾರು. ಬಾಂಡ್ ಆ ಹೂಗಳನ್ನು ತೆಗೆಯಲು ಕಾರು ನಿಲ್ಲಿಸಿ ಇಳಿಯುತ್ತಾನೆ. ಇನ್ನೊಂದು ಕಾರು ಹಾದುಹೋಗುತ್ತದೆ, ಗುಂಡು ಹಾರುತ್ತವೆ. ಒಳಗೆ ಬಂದು ನೋಡಿದರೆ ಟ್ರೇಸಿ ಸತ್ತಿದ್ದಾಳೆ. ಕೇಳಲು ಬಂದ ಪೊಲೀಸನಿಗೆ ಅವನು, ಅವಳು ದಣಿವಾರಿಸಿಕೊಳ್ಳುತ್ತಿದ್ದಾಳೆ, ಅವಸರವಿಲ್ಲ, ಬೇಕಾದಷ್ಟು ಹೊತ್ತು ಇದೆ ಅಂತಾನೆ. ಕಾರಿನ ಗಾಜಿನಲ್ಲಿ ಗುಂಡಿನ ತೂತು. ಅಲ್ಲಿಗೆ ಮುಗಿಯಿತು.

ಕಾಕಾ ಮಾತಾಡಲಿಲ್ಲ. ಗೋಡೆಯ ಗಡಿಯಾರಗಳ ಸದ್ದು ಅವತ್ತು ಜಾಸ್ತಿ ಕೇಳಿಸಿತು. ಆಮೇಲೆ ಕೇಳಿದರು: "ಮುಂದಿನ ಪಿಚ್ಚರಿನ್ಯಾಗ ಇವಾ ಏನ್ ಮಾಡ್ತಾನ?"

ಮುಂದಿನದು 1971ರ ಡೈಮಂಡ್ಸ್ ಆರ್ ಫಾರೆವರ್. ಶಾನ್ ಕಾನರಿ ವಾಪಸ್ ಬಂದ. ವೈರಿಯನ್ನು ಹುಡುಕಿಕೊಂಡು ಹೋಗುತ್ತಾನೆ, ಆದರೆ ಟ್ರೇಸಿಯ ಹೆಸರು ಬರುವುದಿಲ್ಲ ಅಂದೆ.

"ಹೇಣ್ತಿ ಹೆಸರು ಸುದ್ದಾ ತಗಿಯಂಗಿಲ್ಲ?" ಕಾಕಾಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಅವರು ಕಾಕುನ್ನ ಕಳಕೊಂಡು ನಾಲ್ಕು ವರ್ಷ ಆಯಿತು.

ಹುಡುಗ ಏನೂ ಹೇಳದೆ 1981ರ ಫಾರ್ ಯುವರ್ ಐಸ್ ಓನ್ಲಿ ಹಚ್ಚಿದ. ಶುರುವಿನ ದೃಶ್ಯ. ಈಗ ಬಾಂಡ್ ರೋಜರ್ ಮೂರ್. ಕೈಯಲ್ಲಿ ಹೂವು ಹಿಡಿದು ಗೋರಿಯ ಹತ್ತಿರ ಬರುತ್ತಾನೆ. ಕಾಕಾ ತಾವೇ ಕೈಚಾಚಿ ಬಟನ್ ಒತ್ತಿ ನಿಲ್ಲಿಸಿದರು. ನನ್ನ ಕಣ್ಣಿನ ಲೆನ್ಸು ತೆಗೆದುಕೊಂಡು ಪರದೆಯ ಹತ್ತಿರ ಬಾಗಿ ಕಲ್ಲಿನ ಮೇಲಿನ ಅಕ್ಷರ ಓದಿದರು. ತೆರೆಸಾ ಬಾಂಡ್, ಅಂದರೆ ನಮ್ಮ ಟ್ರೇಸಿ, 1943ರಿಂದ 1969. ಕೆಳಗೆ ಅದೇ ಹಾಡಿನ ಸಾಲು.

"ಹನ್ನೆರಡು ವರ್ಷಕ್ಕ ಬಂದ ನೋಡು," ಅಂದರು. ಲೆನ್ಸು ಒರೆಸಿ ಅದರ ಡಬ್ಬಿಯಲ್ಲಿ ಇಟ್ಟರು. "ಬಂದನಲ್ಲ. ಈ ಒಂದನೇ ಸ್ಟೇಷನ್ನಿನವಂಗ ಎರಡನೇ ನಂಬರ್ ಕೊಡ್ತೀನಿ. ಒಂದನೇದು ಡೈಮಂಡ್ ರಾಕೆಟ್, ಅದರಾಗ ಮಾತಿಲ್ಲ."

ಮಾಸ್ತರು ಮುಂದಿನ ಶನಿವಾರ ಬಂದವರು ಇದನ್ನು ಕೇಳಿ, ಹಾಗಾದರೆ ಜೇಡರ ಬಲೆ ಮೂರನೇದಾ ಅಂತ ಶುರು ಮಾಡಿದ್ದಾರೆ.