ಸಂಕದ ನಡುವಿನ ಹಲಗೆ

ಮೇ ತಿಂಗಳ ಸಿಡಿಲು ತೀರ್ಥಹಳ್ಳಿ ಕಡೆಯವರಿಗೆ ಹೊಸದಲ್ಲ. ಮೋಡ ಕಟ್ಟಿದರೆ ಟಿವಿ, ಮೋಡೆಮ್ ವೈರು ಕಿತ್ತಿಡುವುದು ಮನೆಮನೆಯ ರೂಢಿ. ನಾನಿದ್ದ ಅಡಿಕೆ ಮಂಡಿಯಲ್ಲಿ ಆ ಶುಕ್ರವಾರ ರಾತ್ರಿ ಅದನ್ನೇ ಮರೆತಿದ್ದೆವು. ಯುಪಿಎಸ್ ಇದೆಯಲ್ಲ ಅಂತ ಧೈರ್ಯ. ಸಿಡಿಲು ಬಂದದ್ದು ಇಂಟರ್‌ನೆಟ್ ಕೇಬಲ್ ಹಿಡಿದು.

ಬೆಳಿಗ್ಗೆ ಬಾಗಿಲು ತೆಗೆದರೆ ಸುಟ್ಟ ವಾಸನೆ. ಮಂಡಿಯ ಲೆಕ್ಕವೆಲ್ಲ ಇದ್ದ ಸರ್ವರ್‌ನಲ್ಲಿ ಎರಡು ಡಿಸ್ಕ್ ಹಾಕಿ, ಒಂದರಲ್ಲಿದ್ದದ್ದು ಇನ್ನೊಂದರಲ್ಲೂ ಇರುವಂತೆ ಮಾಡಿದ್ದೆ. ಇದ್ದದ್ದು ಒಂದೇ ಡಬ್ಬದಲ್ಲಿ ಅಲ್ವಾ, ಎರಡೂ ಒಟ್ಟಿಗೇ ಹೋದವು.

ಬ್ಯಾಕಪ್ ಇತ್ತು. ಭಾನುವಾರ ಫುಲ್, ಇದ್ದದ್ದೆಲ್ಲದರ ಪ್ರತಿ. ಉಳಿದ ದಿನ ಸಂಜೆ ಇನ್‌ಕ್ರಿಮೆಂಟಲ್. ಅಂದರೆ ಹಿಂದಿನ ಬ್ಯಾಕಪ್ ಆದಮೇಲೆ ಬದಲಾದದ್ದು ಮಾತ್ರ. ಬೇರೊಂದು ಡಿಸ್ಕಿಗೆ ತೆಗೆದು ತಿಜೋರಿಯಲ್ಲಿಡುತ್ತಿದ್ದೆ. ಆ ಡಿಸ್ಕನ್ನು ಹಳೇ ಕಂಪ್ಯೂಟರ್ ಒಂದಕ್ಕೆ ಸಿಕ್ಕಿಸಿದೆ. ಅದರದ್ದು ಯುಎಸ್‌ಬಿ 2.0, ನಿಧಾನದ್ದು. 200 ಜಿಬಿ ಫುಲ್ ಇಳಿಯಲು ಎರಡು ಗಂಟೆ ಹಿಡಿಯಿತು. ಸೋಮವಾರ, ಮಂಗಳವಾರದ್ದು ಬೇಗ ಕೂತವು. ಬುಧವಾರದ ಫೈಲ್ ಅರ್ಧಕ್ಕೇ ನಿಂತಿತು. ಮತ್ತೆ ಹಾಕಿದೆ. ಅಲ್ಲೇ ನಿಂತಿತು.

"ಅಲ್ಲ ಮಾರಾಯ, ಗುರುವಾರದ್ದು, ಶುಕ್ರವಾರದ್ದು ಸರಿಯಿದೆ ಅಂತೀಯ. ಹಾಕೋಕೇನು?" ಮ್ಯಾನೇಜರ್ ಕೇಳಿದರು.

"ಹಳ್ಳ ದಾಟೋ ಸಂಕದ ನಡುವಿನ ಹಲಗೆ ಹೋದ ಹಾಗಾಗಿದೆ ಸಾರ್. ಆಚೆ ಹಲಗೆ ಗಟ್ಟಿಯಿದ್ದು ಏನು ಬಂತು?"

ಡಿಫರೆನ್ಶಿಯಲ್ ಇಟ್ಟಿದ್ದರೆ ಈ ಪಾಡಿರಲಿಲ್ಲ. ಅದು ಪ್ರತಿದಿನ, ಫುಲ್ ಆದಮೇಲೆ ಬದಲಾದದ್ದನ್ನೆಲ್ಲ ಮತ್ತೆ ಬರೆದಿಡುತ್ತದೆ. ಭಾನುವಾರದ್ದು, ಶುಕ್ರವಾರದ್ದು, ಎರಡೇ ಸಾಕಿತ್ತು. ಜಾಗ ಜಾಸ್ತಿ ತಿನ್ನುತ್ತದೆ ಅಂತ ನಾನೇ ಬಿಟ್ಟಿದ್ದೆ. ಬುಧವಾರದ ಫೈಲ್ ಕೆಟ್ಟದ್ದೂ ನನ್ನಿಂದಲೇ. ಮೇಗರವಳ್ಳಿ ಕಡೆಯ ಕೊನೇ ಬಸ್ಸು ತಪ್ಪುತ್ತದೆ ಅಂತ, ಬರೆದು ಮುಗಿಯುವ ಮುಂಚೆ ಡಿಸ್ಕ್ ಎಳೆದುಕೊಂಡಿದ್ದೆ. ಸುಮ್ನೆ ಇರಲಾಗದೆ ಅದನ್ನೂ ಹೇಳಿಬಿಟ್ಟೆ. ಅವರು ಮಾತಾಡಲಿಲ್ಲ.

ಆಮೇಲೆ ಉಳಿದದ್ದು ತೂಕದ ಚೀಟಿಗಳ ಕಾರ್ಬನ್ ಪ್ರತಿ. ಮೂರು ದಿನ ಬಂದ ಅಡಿಕೆ, ರಾಶಿ, ಬೆಟ್ಟೆ, ಗೊರಬಲು ಅಂತ ಎಲ್ಲ ಜಾತಿಯ ಲೆಕ್ಕವನ್ನೂ ಒಂದೊಂದಾಗಿ ಟೈಪ್ ಹೊಡೆಯಬೇಕು. ಗುಮಾಸ್ತರು ಓದಿದರು, ನಾನು ಹೊಡೆದೆ. ಒಂದು ಚೀಟಿಯಲ್ಲಿ ಕಿಲೋ ಲೆಕ್ಕದ ಮೇಲೇ ಸುಣ್ಣದ ಬೆರಳಚ್ಚು. 61ಓ 67ಓ ತಿಳಿಯಲಿಲ್ಲ. ಆ ರೈತರಿಗೆ ಫೋನ್ ಮಾಡಿದೆವು. ಅವರ ಚೀಟಿ ದೇವರ ಪಟದ ಹಿಂದೆ ಭದ್ರವಾಗಿತ್ತು. 67.

ಭಾನುವಾರ ರಾತ್ರಿ ಹೊಸ ಫುಲ್ ತೆಗೆದೆ. ಇನ್ನು ಡಿಫರೆನ್ಶಿಯಲ್ ಮಾಡೋಣ, ದೊಡ್ಡ ಡಿಸ್ಕ್ ಬೇಕು ಅಂದೆ. ಮ್ಯಾನೇಜರ್ ಬೆಲೆ ಕೇಳಲಿಲ್ಲ. ನಿನ್ನ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿದರು.