ಹಳ್ಳದ ಬದಿಯ ಮಣ್ಣು ಮಾತು ಕೇಳಿತು, ಮೇಲಿನದು ಕೇಳಲಿಲ್ಲ

ಮೂಡಿಗೆರೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಎರಡು ವರ್ಷದ ಹಿಂದೆ ಪೆನ್ನಿನ ಥರದ ಒಂದು ಪಿಎಚ್ ಮೀಟರ್ ತರಿಸಿದೆ, ಅಂದರೆ ಹುಳಿ ಅಳೆಯುವ ಯಂತ್ರ: 7 ಅಂದರೆ ಸಮ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಅಪ್ಪ ನೋಡಿದವರೇ "ಇದೇನೋ, ಮಣ್ಣಿಗೆ ಜ್ವರ ನೋಡ್ತೀಯಾ?" ಅಂದರು. ಒಂಥರಾ ಹೌದು.

10 ಗ್ರಾಂ ಮಣ್ಣಿಗೆ 25 ಮಿಲಿ ಡಿಸ್ಟಿಲ್ಡ್ ವಾಟರ್ ಹಾಕಿ, ಕಲಕಿ, ಅರ್ಧ ಗಂಟೆ ಬಿಟ್ಟು ಮೀಟರ್ ಅದ್ದಿದೆ. 4.6 ತೋರಿಸಿತು. ಸಂಜೆ ಅದೇ ಲೋಟದಲ್ಲಿ 5.5! ಪಿಎಚ್ಚಿನಲ್ಲಿ ಒಂದಂಕಿ ಅಂದರೆ ಹುಳಿಯಲ್ಲಿ ಹತ್ತು ಪಟ್ಟು ವ್ಯತ್ಯಾಸ, ಹಾಗಾಗಿ ಇದು ಚಿಲ್ಲರೆ ತಪ್ಪಲ್ಲ. (ಈ ಲೆಕ್ಕ ಶುರು ಮಾಡಿದ್ದು 1909ರಲ್ಲಿ, ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್‌ನವರ ಲ್ಯಾಬಿನಲ್ಲಿದ್ದ ಸೋರೆನ್‌ಸನ್ ಅನ್ನುವವರು.)

ಮೀಟರ್ ಬೇಡ, ಅಡುಗೆಮನೆಯಲ್ಲೇ ಏನಾದರೂ ಸಿಗುತ್ತಾ ನೋಡೋಣ ಅಂತ ಅರಿಶಿನಕ್ಕೆ ಕೈ ಹಾಕಿದೆ. ಆರತಿ ನೀರಿಗೆ ಅರಿಶಿನ ಕದಡಿ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ವಾ, ಅದೇ ಸೂಚಕ, ಅಂದರೆ ಬಣ್ಣ ಬದಲಿಸಿ ಪಿಎಚ್ ಹೇಳುವ ವಸ್ತು. ಆದರೆ ಅರಿಶಿನ ಬಣ್ಣ ಬದಲಿಸುವುದು ಪಿಎಚ್ ಸುಮಾರು 7.4 ದಾಟಿದ ಮೇಲೆ. ಅದಕ್ಕಿಂತ ಕೆಳಗೆ ನಿಂಬೆರಸ ಹಾಕಿ, ಮಣ್ಣಿನ ನೀರು ಹಾಕಿ, ಎಲ್ಲಾ ಹಳದಿಯೇ. ಪ್ರತಿ ಸೂಚಕಕ್ಕೂ ಅದರದ್ದೇ ಒಂದು ಗಡಿ, ಆ ಗಡಿಯ ಹತ್ತಿರ ಮಾತ್ರ ಅದು ಬಾಯಿ ಬಿಡುತ್ತದೆ. ನಮ್ಮ ಮಲೆನಾಡಿನ ಹುಳಿ ಮಣ್ಣಿಗೆ ಅರಿಶಿನ ಸುಮ್ನೆ ದಂಡ.

ಆಮೇಲೆ ಗೊತ್ತಾಯಿತು, ಮೀಟರಿಗೆ ಮೊದಲು ಪಾಠ ಹೇಳಬೇಕಿತ್ತು, ಪಿಎಚ್ ಗೊತ್ತಿರುವ ದ್ರಾವಣದಲ್ಲಿ ಅದ್ದಿ ಅಂಕಿ ಹೊಂದಿಸಬೇಕಿತ್ತು. ಅದಕ್ಕೆ ಬೇಕಾದ ಬಫರ್ ಪುಡಿಯನ್ನು (ನೀರಲ್ಲಿ ಕರಗಿಸಿದರೆ ಒಂದೇ ಪಿಎಚ್‌ಗೆ ಅಂಟಿಕೊಂಡು ನಿಲ್ಲುವಂಥದ್ದು) ಕಳಿಸಿದವರು ಡಬ್ಬಿಗೆ ಹಾಕಿಯೇ ಇರಲಿಲ್ಲ. ಹಾಸನದಿಂದ 4 ಮತ್ತು 7ರ ಕ್ಯಾಪ್ಸೂಲ್ ತರಿಸಿ, ನೀರಲ್ಲಿ ಕರಗಿಸಿ, ಮೀಟರನ್ನು ದಾರಿಗೆ ತಂದೆ. ಉಳಿದ 7ರ ಬಫರನ್ನು ಚೆಲ್ಲುವ ಮುಂಚೆ ಒಂದು ಆಟ ಆಡಿದೆ. ಒಂದು ಲೋಟದಲ್ಲಿ ಬರೀ ಡಿಸ್ಟಿಲ್ಡ್ ವಾಟರ್, ಇನ್ನೊಂದರಲ್ಲಿ ಬಫರ್. ನೀರಿಗೆ ಒಂದೇ ಹನಿ ನಿಂಬೆರಸ ಬಿಟ್ಟೆ, ಮೀಟರ್ ದಬದಬ ಇಳಿದು ನಾಲ್ಕರ ಹತ್ತಿರ ನಿಂತಿತು. ಬಫರಿಗೆ ಹತ್ತು ಹನಿ ಬಿಟ್ಟರೂ 6.8ಕ್ಕಿಂತ ಕೆಳಗೆ ಬರಲಿಲ್ಲ!

ಅದರಲ್ಲಿ ಮಂತ್ರ ಏನೂ ಇಲ್ಲ. ಬಫರಿನಲ್ಲಿ ಜೋಡಿ ಇರುತ್ತದೆ, ಒಂದು ದುರ್ಬಲ ಆಮ್ಲ, ಜೊತೆಗೆ ಅದರದ್ದೇ ಪ್ರತ್ಯಾಮ್ಲ. ಹುಳಿ ಬಂದರೆ, ಅಂದರೆ ಹೈಡ್ರೋಜನ್ ಅಯಾನು ಬಂದರೆ, ಎರಡನೆಯದು ಹಿಡಿದಿಟ್ಟುಕೊಳ್ಳುತ್ತದೆ. ಸುಣ್ಣದಂಥದ್ದು ಬಂದರೆ ಮೊದಲನೆಯದು ತನ್ನಲ್ಲಿರುವ ಹೈಡ್ರೋಜನ್ ಬಿಟ್ಟುಕೊಡುತ್ತದೆ. ಜೋಡಿಯಲ್ಲಿ ಒಂದು ಖಾಲಿಯಾಗುವವರೆಗೆ ಈ ಹಠ. ನಮ್ಮ ರಕ್ತ 7.35ರಿಂದ 7.45ರ ಒಳಗೇ ನಿಲ್ಲುವುದರಲ್ಲೂ ಇಂಥದ್ದೇ ಜೋಡಿಯ ಪಾಲು ದೊಡ್ಡದು.

ಇದೆಲ್ಲಾ ತಿಳಿದೂ ನಾನು ತಪ್ಪು ಮಾಡಿದೆ. ಹಳ್ಳದ ಬದಿಯ ಬ್ಲಾಕ್ ಮರಳು ಮಣ್ಣು, ಮೇಲಿನ ಬ್ಲಾಕ್ ತರಗೆಲೆ ಕೊಳೆತು ಕಪ್ಪಾದ ಜಿಗುಟು ಮಣ್ಣು. ಎರಡರಲ್ಲೂ ಮೀಟರ್ ತೋರಿಸಿದ್ದು 5.2. ಕಾಫಿಗೆ 6ರ ಮೇಲೆ ಬಂದರೆ ಒಳ್ಳೆಯದು. ಅಂಕಿ ಒಂದೇ ಅಂತ ಎರಡಕ್ಕೂ ಎಕರೆಗೆ ಒಂದೇ ಲೆಕ್ಕದಲ್ಲಿ ಸುಣ್ಣ ಹಾಕಿಸಿದೆ. ವರ್ಷ ಬಿಟ್ಟು ನೋಡಿದರೆ ಹಳ್ಳದ ಬದಿ 6.1, ಮೇಲಿನದು 5.4. "ನಿನ್ನ ಮಿಷನ್ನು ಮತ್ತೆ ಕೆಟ್ಟಿದೆ ಕಣೋ" ಅಂದರು ಅಪ್ಪ.

ಮಿಷನ್ನು ಸರಿ ಇತ್ತು. ಜೇಡಿ ಮತ್ತು ಕೊಳೆತ ಎಲೆಯ ಅಂಶ ಜಾಸ್ತಿ ಇರುವ ಮಣ್ಣು ತಾನೇ ಒಂದು ಬಫರ್. ನೀರಿನಲ್ಲಿ ಕಾಣುವ ಹುಳಿ ಸ್ವಲ್ಪ, ಮಣ್ಣಿನ ಕಣ ಕಚ್ಚಿಕೊಂಡಿರುವ ಹುಳಿ ಬಹಳ. ಸುಣ್ಣ ಹಾಕಿದಷ್ಟೂ ಆ ದಾಸ್ತಾನಿನಿಂದ ಹೊರಬರುತ್ತಲೇ ಇರುತ್ತದೆ. ನನ್ನ ಪೆನ್ನು ಅಳೆಯುವುದು ನೀರಿನಲ್ಲಿದ್ದದ್ದನ್ನು ಮಾತ್ರ. ದಾಸ್ತಾನು ಅಳೆಯಬೇಕಾದರೆ ಲ್ಯಾಬಿನಲ್ಲಿ ಮಣ್ಣನ್ನು 7.5ರ ಬಫರ್ ದ್ರಾವಣಕ್ಕೆ ಬೆರೆಸಿ, ಆ ಬಫರನ್ನು ಮಣ್ಣು ಎಷ್ಟು ಕೆಳಗೆ ಎಳೆಯಿತು ಅಂತ ನೋಡುತ್ತಾರೆ. ಹಠಮಾರಿಗೆ ಹಠಮಾರಿಯನ್ನೇ ಗಂಟು ಹಾಕುವ ಈ ಉಪಾಯ ನನಗೆ ಬಹಳ ಹಿಡಿಸಿತು.

ಈ ಸಲ ಹಳ್ಳದ ಬದಿಗೆ ಸುಣ್ಣ ಇಲ್ಲ. ಲೋಡು ಬಂದಿರುವುದು ಮೇಲಿನ ಬ್ಲಾಕಿಗೆ ಮಾತ್ರ, ಶೆಡ್ಡಿನಲ್ಲಿ ಟಾರ್ಪಾಲು ಮುಚ್ಚಿ ಇಟ್ಟಿದ್ದೇವೆ. ಮನೆ ಮುಂದಿನ ಹೈಡ್ರಾಂಜಿಯಾ ಬುಡಕ್ಕೆ ಒಂದು ಹಿಡಿಯೂ ಬೀಳಬಾರದು ಅಂತ ಅಮ್ಮ ಆಳುಗಳಿಗೆ ಎರಡೆರಡು ಸಲ ಹೇಳಿದ್ದಾರೆ. ಮಣ್ಣಿನ ಹುಳಿ ಇಳಿದರೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಅವರಿಗೆ ನೀಲಿಯೇ ಬೇಕು.